ನಸುಕಿನ ಎಚ್ಚರದ ಕುಸುರಿ

ಬ್ರಾಹ್ಮೀ ಮುಹೂರ್ತದಲ್ಲಿ ಏಳುವವರನ್ನು ನಮ್ಮ ಮನೆಗಳಲ್ಲಿ ಬಾಯ್ತುಂಬ ಹೊಗಳುತ್ತಾರೆ. ಬಿಸಿಲೇರುವ ತನಕ ಮಲಗಿದವರಿಗೆ ಸೋಮಾರಿ ಎಂಬ ಬಿರುದು. ಈ ಹೊಗಳಿಕೆ, ಬೈಗುಳ ಎರಡನ್ನೂ ಪಕ್ಕಕ್ಕಿಟ್ಟು ಬರಿಯ ಎಚ್ಚರವನ್ನೇ ನೋಡಿ. ಎಷ್ಟು ನವುರಾದ ಕುಸುರಿ ಕೆಲಸ ಅದು! ಅದರ ಎಳೆಗಳನ್ನು ಬಿಡಿಸಿದವರ ಕಥೆ ನನಗೆ ಎಷ್ಟು ಓದಿದರೂ ಸಾಲದು.

ಅಮೆರಿಕದ ಉಟಾ ರಾಜ್ಯದಲ್ಲಿ ಒಂದು ಕುಟುಂಬ. ಅಲ್ಲಿ ಹಲವರಿಗೆ, ತಲೆಮಾರಿನಿಂದ ತಲೆಮಾರಿಗೆ, ಸಂಜೆ ಏಳೂವರೆಯ ಹೊತ್ತಿಗೇ ರೆಪ್ಪೆ ಭಾರ. ನಸುಕಿನ ನಾಲ್ಕೂವರೆಯ ಸುಮಾರಿಗೆ ತಾನಾಗಿ ಕಣ್ಣು ತೆರೆದುಕೊಳ್ಳುತ್ತದೆ. ಯಾರೂ ಅಭ್ಯಾಸ ಮಾಡಿಸಿದ್ದಲ್ಲ. ಲೂಯಿ ಟಾಚೆಕ್, ಯಿಂಗ್-ಹುಯಿ ಫು ಮತ್ತು ಅವರ ಜೊತೆಗಾರರು 2001ರಲ್ಲಿ ಇದರ ಕಾರಣವನ್ನು ಕಂಡರು. ಪರ್2 ಎಂಬ ಪ್ರೋಟೀನಿನಲ್ಲಿ 1,200ಕ್ಕೂ ಮಿಕ್ಕಿ ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿವೆ. ಅವುಗಳಲ್ಲಿ 662ನೆಯದು ಸೆರೀನ್ ಆಗಿರಬೇಕು. ಈ ಮನೆಯವರಲ್ಲಿ ಆ ಜಾಗದಲ್ಲಿ ಗ್ಲೈಸೀನ್ ಕೂತಿತ್ತು. ಅಷ್ಟೇ. ಒಂದು ಮಣಿ ಬದಲಾಗಿ ಒಂದು ಮನೆತನದ ಬೆಳಗೇ ಬದಲಾಗಿತ್ತು.

ಈ ಜಾಡು ಮೊದಲು ಸಿಕ್ಕಿದ್ದು ಮನುಷ್ಯರಲ್ಲಲ್ಲ, ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟಾಣಿ ಹಣ್ಣುನೊಣದಲ್ಲಿ. ಅದು ಕೋಶದಿಂದ ಹೊರಬರುವುದು ನಸುಕಿನಲ್ಲಿ, ಗಾಳಿಯಲ್ಲಿ ಇನ್ನೂ ತೇವ ಇರುವಾಗ. ಮುದುಡಿದ ಎಳೆಯ ರೆಕ್ಕೆ ಒಣಗುವ ಮೊದಲು ಬಿಚ್ಚಿಕೊಳ್ಳಬೇಕಲ್ಲ. ಕ್ಯಾಲ್ಟೆಕ್‌ನಲ್ಲಿ ಸೆಮೋರ್ ಬೆಂಜರ್ ಅವರ ವಿದ್ಯಾರ್ಥಿ ರೊನಾಲ್ಡ್ ಕೊನೊಪ್ಕ ಹೊತ್ತು ತಪ್ಪಿದ ನೊಣಗಳನ್ನು ಹುಡುಕುತ್ತ ಕೂತರು. ಒಂದು ಬಗೆಯ ನೊಣಕ್ಕೆ ದಿನವೆಂದರೆ 19 ಗಂಟೆ, ಇನ್ನೊಂದಕ್ಕೆ 28, ಮತ್ತೊಂದಕ್ಕೆ ಹಗಲಿರುಳಿನ ಲಯವೇ ಇಲ್ಲ. ಮೂರೂ ದೋಷ ಎಕ್ಸ್ ಕ್ರೋಮೋಸೋಮಿನ ಒಂದೇ ಜಾಗದಲ್ಲಿ! 1971ರ ಆ ಪ್ರಬಂಧ ಪುಟ್ಟದು. ಅದರಷ್ಟು ಚೊಕ್ಕ ಬರವಣಿಗೆ ವಿಜ್ಞಾನದಲ್ಲಿ ಅಪರೂಪ ಎಂದೇ ನನ್ನ ಎಣಿಕೆ. ಆ ಜೀನಿಗೆ ಪೀರಿಯಡ್ ಎಂದು ಹೆಸರಾಯಿತು. ಮನುಷ್ಯರ ಪರ್2 ಅದರದೇ ಬಳಗದ್ದು.

ಅದು ಕೆಲಸ ಮಾಡುವ ಬಗೆಯನ್ನು ಮಾತ್ರ ಅವಸರವಿಲ್ಲದೆ ಸವಿಯಬೇಕು. ಜೀನ್ ತನ್ನ ಪ್ರೋಟೀನನ್ನು ಮಾಡಿಸುತ್ತದೆ. ಪ್ರೋಟೀನ್ ಜೀವಕೋಶದ ಅಂಗಳದಲ್ಲಿ ಮೆಲ್ಲಗೆ, ಬಹಳ ಮೆಲ್ಲಗೆ, ಕೂಡುತ್ತ ಹೋಗುತ್ತದೆ. ಇರುಳು ಬೆಳೆದಂತೆ ಕೋಶಕೇಂದ್ರದೊಳಕ್ಕೆ ಹೊಕ್ಕು ತನ್ನನ್ನು ಹುಟ್ಟಿಸಿದ ಜೀನಿನ ಬಾಯನ್ನೇ ಮುಚ್ಚಿಸುತ್ತದೆ. ಹಾಲು ಉಕ್ಕಿ ತನ್ನನ್ನು ಕಾಯಿಸಿದ ಬೆಂಕಿಯನ್ನೇ ಆರಿಸಿದ ಹಾಗೆ. ಆಮೇಲೆ ಪ್ರೋಟೀನ್ ಕರಗಿ, ಸವೆದು, ಇಲ್ಲವಾಗುತ್ತದೆ. ಜೀನ್ ಮತ್ತೆ ಬಾಯಿ ಬಿಡುತ್ತದೆ. ಈ ಒಂದು ಸುತ್ತಿಗೆ ಹಿಡಿಯುವುದು ಸುಮಾರು ಒಂದು ದಿನ. ಇದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಸಂದಿತು. ನನ್ನನ್ನು ಎಲ್ಲಕ್ಕಿಂತ ಮರುಳು ಮಾಡುವುದು ಇನ್ನೊಂದು ಸಂಗತಿ: ಬಿಸಿ ಏರಿದರೆ ಸಾಮಾನ್ಯವಾಗಿ ರಾಸಾಯನಿಕ ಕ್ರಿಯೆಗಳೆಲ್ಲ ಚುರುಕಾಗುತ್ತವೆ, ಈ ಸುತ್ತಿನ ಅವಧಿ ಮಾತ್ರ ಹೆಚ್ಚುಕಡಿಮೆ ಅಲುಗುವುದಿಲ್ಲ. ಬೇಸಗೆಯಲ್ಲೂ ಚಳಿಯಲ್ಲೂ ಅದೇ ವಿಳಂಬ, ಅದೇ ನಿಖರತೆ.

ನಮ್ಮಲ್ಲಿ ಈ ಲಯದ ಮುಖ್ಯ ನೆಲೆ ಮಿದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಹಾಯುವ ಜಾಗದ ನೇರ ಮೇಲೆ ಇದೆ. ಅಲ್ಲಿರುವುದು ಬರಿಯ 20,000ದಷ್ಟು ನರಕೋಶ. ಮಾರ್ಟಿನ್ ರಾಲ್ಫ್ ಮತ್ತು ಮೈಕೆಲ್ ಮೆನಾಕರ್ ಅವರಿಗೆ 20 ಗಂಟೆಯ ದಿನದ ಹ್ಯಾಮ್‌ಸ್ಟರ್ ತಳಿಯೊಂದು ದೊರೆತಿತ್ತು. ಸಾಮಾನ್ಯ ಹ್ಯಾಮ್‌ಸ್ಟರ್‌ನಲ್ಲಿ ಈ ನೆಲೆಯನ್ನು ಅಳಿಸಿದಾಗ ಅದು ಚಕ್ರ ತುಳಿಯುವುದಕ್ಕೆ ಹೊತ್ತುಗೊತ್ತಿಲ್ಲವಾಯಿತು. ಅದರ ಮಿದುಳಿಗೆ 20 ಗಂಟೆಯ ತಳಿಯ ಭ್ರೂಣದಿಂದ ಚೂರು ಅಂಗಾಂಶ ಕಸಿ ಮಾಡಿದರು. ಲಯ ಮರಳಿತು. ಮರಳಿದ್ದು ತನ್ನ ಲಯವಲ್ಲ, ದಾನಿಯ ಲಯ: 20 ಗಂಟೆ! ತಿರುಗಿಸಿ ಮಾಡಿದಾಗ 24. 1990ರಲ್ಲಿ ಅಚ್ಚಾದ ಆ ಚಿತ್ರಗಳಲ್ಲಿ ಕಪ್ಪು ಗೆರೆಗಳ ಗೊಂದಲ ಸಾಲು ಸಾಲಾಗಿ ಕೂಡಿಕೊಳ್ಳುತ್ತ ಓರೆಯಾಗಿ ಇಳಿದು ಬರುವುದನ್ನು ನೋಡಬೇಕು. ಒಂದು ಜೀವದ ನಡವಳಿಕೆ ಮತ್ತೊಂದು ಜೀವದೊಳಗೆ ಹೀಗೆ ಮೂಡಿದ್ದನ್ನು ಇಷ್ಟು ನಿಚ್ಚಳವಾಗಿ ಬೇರೆಲ್ಲೂ ನಾನು ಕಂಡಿಲ್ಲ.

ಉಟಾದಲ್ಲಿ ಆದಂತೆ ಒಂದೇ ಅಕ್ಷರ ಎಲ್ಲವನ್ನೂ ಬರೆಯುವುದು ವಿರಳ. ಸುಮಾರು 7 ಲಕ್ಷ ಜನರನ್ನು ಒಳಗೊಂಡ 2019ರ ಅಧ್ಯಯನವೊಂದು ಬೇಗ ಏಳುವ ಸ್ವಭಾವಕ್ಕೆ ನಂಟಿರುವ 351 ತಾಣಗಳನ್ನು ಜೀನೋಮಿನಲ್ಲಿ ಗುರುತಿಸಿತು. ಬೆಳಕು, ವಯಸ್ಸು, ದುಡಿಮೆಯ ಪಾಳಿ ಇವೂ ಕೈಹಾಕುತ್ತವೆ.

ಆದರೂ ಎಳೆಗಳು ಸೇರುವ ಪರಿ ನೋಡಿ. ಹ್ಯಾಮ್‌ಸ್ಟರ್‌ನ ದಿನ ಗಿಡ್ಡವಾದದ್ದು ಕೇಸೀನ್ ಕೈನೇಸ್ ಎಂಬ ಕಿಣ್ವ ಬದಲಾದದ್ದರಿಂದ. ನೊಣದಲ್ಲಿ ಪೀರಿಯಡ್ ಪ್ರೋಟೀನನ್ನು ಸವೆಸುವುದರಲ್ಲಿ ಕೈಜೋಡಿಸುವುದೂ ಅದರ ಬಳಗದ ಕಿಣ್ವವೇ. ಉಟಾ ಕುಟುಂಬದಲ್ಲಿ ಕೆಟ್ಟಿದ್ದ 662ನೆಯ ಜಾಗವಿರುವುದು ಈ ಬಳಗ ಪರ್2ನ್ನು ಹಿಡಿಯುವ ಪಟ್ಟಿಯಲ್ಲೇ. 2005ರಲ್ಲಿ ನಸುಕಿಗೇ ಏಳುವ ಮತ್ತೊಂದು ಕುಟುಂಬ ಸಿಕ್ಕಿತು. ಅಲ್ಲಿ ಪರ್2ಕ್ಕೆ ಏನೂ ಆಗಿರಲಿಲ್ಲ, ಬದಲಾಗಿದ್ದದ್ದು ಕಿಣ್ವವೇ.