ಪೊಟ್ಟಳಕೆರೆಯ ಅರಸು ಮತ್ತು ಗುರು: ಒಂದು ಪುರಾಣಕಥೆಯ ವಿಮರ್ಶೆ

ಹೈದರಾಬಾದಿನ ಸಮೀಪದ ಪಟಾನ್‌ಚೆರುವೇ ಶಾಸನಗಳ ಪೊಟ್ಟಳಕೆರೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡದ ‘ಕೆರೆ’ ತೆಲುಗಿನಲ್ಲಿ ‘ಚೆರುವು’ ಆಗಿ ನಿಂತಿದೆ. ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಇಮ್ಮಡಿ ಜಯಸಿಂಹನಿಗೆ (ಸು. 1015–1042) ಇದು ನೆಲೆವೀಡಾಗಿದ್ದಿತು.

ಆದರೆ ಕನ್ನಡ ಓದುಗರು ಈ ಊರನ್ನು ಹೆಚ್ಚಾಗಿ ಬಲ್ಲುದು ವೀರಶೈವ ಪುರಾಣಗಳಿಂದ. ಇಲ್ಲಿಯ ಜೈನ ಅರಸು ದೇಸಿಂಗ. ಅವನ ರಾಣಿ ಸುಗ್ಗಲೆ ದೇವರ ದಾಸಿಮಯ್ಯನ ಶಿಷ್ಯೆ. ದಾಸಿಮಯ್ಯನು ಜೈನ ಗುರುಗಳನ್ನು ಸೋಲಿಸಿ ಅರಸನನ್ನು ಶಿವಭಕ್ತನನ್ನಾಗಿ ಮಾಡಿದನು. ಬಸದಿಗಳು ಅಳಿದವು ಎಂಬುದು ಕಥೆ. ದೇಸಿಂಗನೇ ಜಯಸಿಂಹನೆಂದು ಹಿಂದಿನ ವಿದ್ವಾಂಸರು ಭಾವಿಸಿ, ಕಥೆಯನ್ನೇ ಚರಿತ್ರೆಯಾಗಿ ಎಣಿಸಿದರು.

ಇದು ಎಷ್ಟರಮಟ್ಟಿಗೆ ಒಪ್ಪತಕ್ಕದ್ದು? ಭೀಮಕವಿಯ ಬಸವಪುರಾಣ 1369ರದು, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ 1584ರದು. ಅರಸನಿಗೂ ಇವುಗಳಲ್ಲಿ ಮೊದಲನೆಯದಕ್ಕೂ ಮೂರು ಶತಮಾನಗಳಿಗೆ ಮೀರಿದ ಅಂತರವುಂಟು. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೇ ಎಂಬುದರಲ್ಲಿಯೂ ಒಮ್ಮತವಿಲ್ಲ.

ಸಮಕಾಲೀನ ಆಧಾರಗಳು ಬೇರೆಯದನ್ನು ಹೇಳುತ್ತವೆ. ಜೈನಾಚಾರ್ಯ ವಾದಿರಾಜನು 1025ರಲ್ಲಿ ಪಾರ್ಶ್ವನಾಥಚರಿತವನ್ನು ಮುಗಿಸಿದುದು ಈ ಅರಸನ ಆಳಿಕೆಯಲ್ಲಿ. ಪಂಚತಂತ್ರವನ್ನು ಬರೆದ ಬ್ರಾಹ್ಮಣ ದುರ್ಗಸಿಂಹನು ಅವನ ಸಂಧಿವಿಗ್ರಹಿ. ಅರಸನ ಸೋದರಿ ಅಕ್ಕಾದೇವಿಯು ಜಿನ, ಬುದ್ಧ, ವಿಷ್ಣು, ಶಿವ ಈ ನಾಲ್ವರ ಧರ್ಮಗಳನ್ನೂ ಆಚರಿಸಿದವಳೆಂದು ಶಾಸನವು ಹೊಗಳುತ್ತದೆ. 1036ರ ಸುಮಾರಿನಲ್ಲಿ ಬಳ್ಳಿಗಾವೆಯ ಕಾಳಾಮುಖ ಗುರು ಲಕುಳೀಶ್ವರ ಪಂಡಿತನಿಗೆ ಅರಸನೇ ದತ್ತಿ ಕೊಟ್ಟನು.

1025ಕ್ಕೆ ಜೈನ ಕಾವ್ಯ, 1036ಕ್ಕೆ ಶೈವ ದತ್ತಿ. ಇದೇ ಮತಾಂತರಕ್ಕೆ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಅಲ್ಲ. ಒಬ್ಬ ಗುರುವಿಗೆ ಭೂಮಿ ಬಿಟ್ಟಮಾತ್ರಕ್ಕೆ ಇನ್ನೊಬ್ಬನನ್ನು ಕೈಬಿಟ್ಟಂತಾಗದು. ಮೇಲಾಗಿ ಕಾಳಾಮುಖ ಮಠವು ದಾಸಿಮಯ್ಯನ ಪರಂಪರೆಯೂ ಅಲ್ಲ. ಹನ್ನೆರಡನೆಯ ಶತಮಾನದ ಜಿನಬಿಂಬಗಳು ಪಟಾನ್‌ಚೆರುವಿನಲ್ಲಿಯೇ ದೊರೆತಿವೆ. ಬಸದಿಗಳು ಒಮ್ಮೆಗೇ ಅಳಿದಿದ್ದರೆ ಇವು ಎಲ್ಲಿಂದ ಬಂದವು?

ಗುರುಗಳ ಪ್ರಭಾವವನ್ನು ಅಲ್ಲಗಳೆಯಬೇಕಾಗಿಲ್ಲ. ದತ್ತಿ ಎಂದರೆ ಭೂಮಿ, ಭೂಮಿ ಎಂದರೆ ಹುಟ್ಟುವಳಿ; ಅದಕ್ಕಾಗಿ ಮಠಗಳು ಸ್ಪರ್ಧಿಸಿದವು, ಅರಸು ಎಲ್ಲರನ್ನೂ ತನ್ನೊಡನೆ ಇರಿಸಿಕೊಂಡನು. ಪುರಾಣವು ಈ ಸಂಬಂಧವನ್ನು ತಿರುಗಿಸುತ್ತದೆ. ಅಲ್ಲಿ ಅರಸನ ಪಕ್ಷವನ್ನು ಗುರು ನಿರ್ಣಯಿಸುತ್ತಾನೆ.

ಈ ನಂಬಿಕೆ ಇಂದಿಗೂ ಅಳಿದಿಲ್ಲ. 2018ರ ಮಾರ್ಚಿಯಲ್ಲಿ ಲಿಂಗಾಯತರಿಗೆ ಅಲ್ಪಸಂಖ್ಯಾತ ಧರ್ಮದ ಮಾನ್ಯತೆಯನ್ನು ಕರ್ನಾಟಕ ಸರ್ಕಾರವು ಶಿಫಾರಸು ಮಾಡಿದಾಗ ಮಠಾಧಿಪತಿಗಳು ಎರಡು ಬಣವಾದರು. ಅದೇ ವರ್ಷದ ಚುನಾವಣೆಯಲ್ಲಿ, 2013ರಲ್ಲಿ 122 ಸ್ಥಾನ ಗಳಿಸಿದ್ದ ಕಾಂಗ್ರೆಸ್ಸು 80ಕ್ಕೆ ಇಳಿಯಿತು. ಸೋಲಿಗೆ ಕಾರಣಗಳು ಹಲವು. ಗುರುವಿನ ಮಾತಿನಿಂದಲೇ ಮತ ಬೀಳುವುದೆಂಬ ಲೆಕ್ಕವಂತೂ ಕೂಡಿಬರಲಿಲ್ಲ. ದೇಸಿಂಗನ ಕಥೆಯನ್ನು ಭಕ್ತಿಕಾವ್ಯವಾಗಿ ಓದಿ ಆನಂದಿಸೋಣ. ರಾಜ್ಯನೀತಿಗೆ ಅದನ್ನು ಪ್ರಮಾಣವಾಗಿ ಎತ್ತುವವರನ್ನು ಮಾತ್ರ ಶಾಸನದ ಮುಂದೆ ನಿಲ್ಲಿಸಬೇಕು.