ಓದದವರ ಬಾಯಲ್ಲೂ ಉಳಿದ ಹೆಸರು

“ಉತ್ತರನ ಪೌರುಷ ಒಲೆಯ ಮುಂದೆ” ಎಂದು ಗಾದೆ ಎತ್ತುವವರೆಲ್ಲ ವಿರಾಟಪರ್ವವನ್ನು ಓದಿದವರಲ್ಲ. ಕೆಲವರು ಆ ಕತೆಯನ್ನು ತಾಳಮದ್ದಳೆಯಲ್ಲಿ ಕೇಳಿದ್ದಾರೆ, ಕೆಲವರು ಬಯಲಾಟದಲ್ಲಿ ನೋಡಿದ್ದಾರೆ, ಮತ್ತೆ ಕೆಲವರಿಗೆ ಅಜ್ಜಿಯ ಬೈಗುಳದಿಂದಲೇ ಉತ್ತರಕುಮಾರನ ಪರಿಚಯ. ಆದರೂ ಆ ಹೆಸರು ಕಿವಿಗೆ ಬಿದ್ದೊಡನೆ ಕೂತವರೆಲ್ಲ ನಗುತ್ತಾರೆ. ಆ ನಗುವಿನಲ್ಲಿ ಪಾಲು ಸಿಕ್ಕಿದವನು ಒಳಗಿನವನು. ಅರ್ಥವಾಗದೆ ಮುಖ ಮುಖ ನೋಡುವವನು ಹೊರಗಿನವನು. ಕೃತಿಯೊಂದು ಎಷ್ಟು ಮುದ್ರಣ ಕಂಡಿತು ಎಂದು ನಾವು ಲೆಕ್ಕ ಹಾಕುವುದುಂಟು. ಕೃತಿಯಿಂದ ಬಿಡಿಸಿಕೊಂಡು ಹೆಸರೊಂದೇ ತಲೆಮಾರುಗಳನ್ನು ದಾಟಿ ಬರುವುದು ಹೇಗೆ ಎಂಬುದು ಅದಕ್ಕಿಂತ ಕುತೂಹಲದ ಸಂಗತಿ. ಎರಡು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುವ ನಮ್ಮಂಥವರಿಗೆ ಅದು ಬರಿಯ ಕುತೂಹಲದ ಮಾತೂ ಅಲ್ಲ.

ಇದನ್ನು ಪರೀಕ್ಷಿಸಲು ಪುರಾಣದಿಂದ ಬಹುದೂರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ 1927ರಲ್ಲಿ ಫ್ರಾಂಕ್ ಮತ್ತು ಜೋ ಎಂಬ ಹಾರ್ಡಿ ಸಹೋದರರು, 1930ರ ಏಪ್ರಿಲ್‌ನಲ್ಲಿ ನ್ಯಾನ್ಸಿ ಡ್ರೂ ಎಂಬ ಹುಡುಗಿ ಹುಟ್ಟಿಕೊಂಡರು. ಶಾಲೆ ಕಾಲೇಜಿನ ವಯಸ್ಸಿನ ಈ ಮಕ್ಕಳು ಕಳ್ಳರನ್ನು ಹಿಡಿಯುತ್ತಾರೆ, ಗುಪ್ತ ಮೆಟ್ಟಿಲುಗಳನ್ನು ಹತ್ತುತ್ತಾರೆ, ಹಳೆಯ ಗಡಿಯಾರದೊಳಗೆ ಕೈ ಹಾಕುತ್ತಾರೆ. ಪುಸ್ತಕದ ಮೇಲೆ ಫ್ರಾಂಕ್ಲಿನ್ ಡಬ್ಲ್ಯು. ಡಿಕ್ಸನ್ ಎಂದೂ ಕ್ಯಾರೊಲಿನ್ ಕೀನ್ ಎಂದೂ ಲೇಖಕರ ಹೆಸರಿದೆ. ಅಂಥ ಇಬ್ಬರು ಮನುಷ್ಯರು ಈ ಭೂಮಿಯ ಮೇಲೆ ಇರಲೇ ಇಲ್ಲ.

ಇದ್ದವರು ಎಡ್ವರ್ಡ್ ಸ್ಟ್ರಾಟೆಮೆಯರ್ ಎಂಬ ವ್ಯವಹಾರಸ್ಥ ಮತ್ತು ಆತನ ಬಾಡಿಗೆ ಲೇಖಕರು. ಸ್ಟ್ರಾಟೆಮೆಯರ್ ಕತೆಯ ಹಂದರವನ್ನು ಕೆಲವು ಪುಟಗಳಲ್ಲಿ ಬರೆದುಕೊಡುತ್ತಿದ್ದ. ಲೇಖಕರು ಅದನ್ನು ಕಾದಂಬರಿಯಾಗಿ ತುಂಬಿಸುತ್ತಿದ್ದರು. ನ್ಯಾನ್ಸಿಯ ಮೊದಲ ಪುಸ್ತಕಗಳನ್ನು ಬರೆದ ಮಿಲ್ಡ್ರೆಡ್ ವರ್ಟ್ ಎಂಬ ಯುವತಿಗೆ ಒಂದು ಪುಸ್ತಕಕ್ಕೆ ಸಿಕ್ಕಿದ್ದು 125 ಡಾಲರ್. ಆಮೇಲೆ ಲಕ್ಷಗಟ್ಟಲೆ ಪ್ರತಿ ಹೋದರೂ ರಾಯಲ್ಟಿ ಇಲ್ಲ. ತಾನು ಬರೆದದ್ದೆಂದು ಹೇಳಿಕೊಳ್ಳುವ ಹಕ್ಕೂ ಇಲ್ಲ. ನ್ಯಾನ್ಸಿ ಹುಟ್ಟಿದ ಕೆಲವೇ ದಿನಗಳಲ್ಲಿ, 1930ರ ಮೇ ತಿಂಗಳಲ್ಲಿ, ಸ್ಟ್ರಾಟೆಮೆಯರ್ ತೀರಿಕೊಂಡ. ಅಂಗಡಿ ಆತನ ಹೆಣ್ಣುಮಕ್ಕಳ ಕೈಗೆ ಬಂದು, ಹಿರಿಯಳಾದ ಹ್ಯಾರಿಯೆಟ್ ಆಡಮ್ಸ್ ಅರ್ಧ ಶತಮಾನ ಅದನ್ನು ನಡೆಸಿದಳು. ಮೊದಲ 30 ಪುಸ್ತಕಗಳಲ್ಲಿ 23ನ್ನು ಬರೆದ ಮಿಲ್ಡ್ರೆಡ್‌ಳ ಪಾಲು ಜಗತ್ತಿಗೆ ಸರಿಯಾಗಿ ತಿಳಿದದ್ದು 1980ರಲ್ಲಿ ಪ್ರಕಾಶಕರ ನಡುವಣ ವ್ಯಾಜ್ಯದಲ್ಲಿ ಆಕೆ ಸಾಕ್ಷಿ ಹೇಳಿದಾಗ. ಪತ್ತೇದಾರಿಣಿಯ ಕರ್ತೃವನ್ನೇ ಕೋರ್ಟಿನಲ್ಲಿ ಪತ್ತೆ ಹಚ್ಚಬೇಕಾಯಿತು!

ಹೀಗೆ ಕಾರ್ಖಾನೆಯಲ್ಲಿ ತಯಾರಾದ ಸರಕು ಬಾಳಿದ್ದೇಕೆ? ಗ್ರಂಥಪಾಲಕರು ಇವನ್ನು ಕಪಾಟಿನಲ್ಲಿಡಲು ಒಪ್ಪುತ್ತಿರಲಿಲ್ಲ. ಇಂಥ ಅಗ್ಗದ ಮಾಲಿಕೆಗಳು ಹುಡುಗರ ಮಿದುಳನ್ನೇ ಸಿಡಿಸುತ್ತವೆ ಎಂಬರ್ಥದ ತಲೆಬರಹದಲ್ಲಿ 1914ರಷ್ಟು ಹಿಂದೆಯೇ ಸ್ಕೌಟ್ ಸಂಸ್ಥೆಯ ಗ್ರಂಥಪಾಲಕ ಫ್ರಾಂಕ್ಲಿನ್ ಮ್ಯಾಥ್ಯೂಸ್ ಲೇಖನ ಬರೆದಿದ್ದ. ಆದರೆ ಪುಸ್ತಕದ ಬೆಲೆ 50 ಸೆಂಟ್. ಕಪಾಟಿಗೆ ಬಾರದ ಪುಸ್ತಕ ಮಕ್ಕಳ ಕೈಯಿಂದ ಕೈಗೆ ಹೋಯಿತು. ದೊಡ್ಡವರು ಮೂಗು ಮುರಿದದ್ದೇ ಅದಕ್ಕೆ ಒಂದು ಮೆರುಗಾಯಿತು. ಓದಿದ ಮೇಲೆ ಪುಸ್ತಕ ಹಿಂದೆ ಹೋಗುತ್ತದೆ. ಮಾತಿನಲ್ಲಿ ಹೆಸರು ಉಳಿಯುತ್ತದೆ. ಉಲ್ಲೇಖ ಹುಟ್ಟುವುದೇ ಇಂಥ ಕೊಡುಕೊಳ್ಳುವಿಕೆಯಲ್ಲಿ.

ಇನ್ನೊಂದು ಕಾರಣ ಕತೆಯ ಒಳಗೇ ಇದೆ. ಮೊದಲ ಪುಸ್ತಕ ‘ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್’ನಲ್ಲಿ ಕೊಲೆಯಿಲ್ಲ. ಅಲ್ಲಿರುವುದು ಒಂದು ಉಯಿಲು. ಮುದುಕನೊಬ್ಬ ಬಡ ಬಂಧುಗಳಿಗೆ ಆಸ್ತಿ ಬಿಟ್ಟುಹೋಗಿದ್ದಾನೆ. ಆ ಕಾಗದ ಎಲ್ಲಿದೆಯೆಂದು ಯಾರಿಗೂ ತಿಳಿಯದ ಕಾರಣ ಜಂಬದ ಶ್ರೀಮಂತರು ಎಲ್ಲವನ್ನೂ ನುಂಗುವವರಿದ್ದಾರೆ. ನ್ಯಾನ್ಸಿ ಕಾಗದವನ್ನು ಹುಡುಕಿಕೊಡುತ್ತಾಳೆ. 1930 ಎಂದರೆ ಅಮೆರಿಕದಲ್ಲಿ ಮನೆ ಮಠ ಕಳೆದುಕೊಂಡವರ ಕಾಲ. ಸರಿಯಾದ ಕಾಗದ ಸರಿಯಾದ ಕೈಗೆ ಸಿಕ್ಕಿದರೆ ನ್ಯಾಯ ನಡೆದೇ ತೀರುತ್ತದೆ ಎಂಬ ಭರವಸೆ ಅಲ್ಲಿನ ಮಕ್ಕಳಿಗೆ ಎಷ್ಟು ಬೇಕಾಗಿತ್ತೋ ಊಹಿಸಬಹುದು. ದಾಖಲೆ ಯಾವ ಭಾಷೆಯಲ್ಲಿದೆ, ಯಾವ ಕಚೇರಿಯ ಕಪಾಟಿನಲ್ಲಿದೆ ಎಂದು ವಿಚಾರಿಸುತ್ತಲೇ ಬಾಳುವ ಗಡಿನಾಡಿನವರಿಗೆ ಆ ಭರವಸೆಯ ರುಚಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಜತೆಗೆ, ನ್ಯಾನ್ಸಿಗೆ ತಾಯಿಯಿಲ್ಲ. ವಕೀಲನಾದ ತಂದೆ ಮಗಳನ್ನು ತಡೆಯುವುದಿಲ್ಲ, ಅವಳ ಸಲಹೆ ಕೇಳುತ್ತಾನೆ. ಕೈಯಲ್ಲಿ ನೀಲಿ ಕಾರಿನ ಬೀಗದ ಕೈ. ಕತೆ ಮರೆತುಹೋದರೂ ಓದುಗಳ ಮನಸ್ಸಿನಲ್ಲಿ ಈ ನಿಲುವು ಉಳಿಯುತ್ತದೆ: ಯಾರ ಅಪ್ಪಣೆಯನ್ನೂ ಕಾಯದೆ ಹೊರಟ ಹುಡುಗಿ.

ಈ ಹೆಸರು ಆಮೇಲೆ ಎಲ್ಲೆಲ್ಲಿ ಉಲ್ಲೇಖಗೊಂಡಿತು ಎಂದು ನೋಡಿದರೆ ಮೂರು ಬಗೆ ಕಾಣುತ್ತದೆ. ಒಂದು, ಋಣಸಂದಾಯ. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮೂವರು ಮಹಿಳಾ ನ್ಯಾಯಾಧೀಶರಾದ ಸಾಂಡ್ರಾ ಡೇ ಒಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್, ಸೋನಿಯಾ ಸೊಟೊಮೇಯರ್ ಮೂವರೂ ಬಾಲ್ಯದ ಓದಿನಲ್ಲಿ ನ್ಯಾನ್ಸಿಯ ಹೆಸರು ಹೇಳಿದವರು. ನ್ಯೂಯಾರ್ಕಿನ ಬಡ ಪೋರ್ಟೊರಿಕನ್ ಮನೆಯ ಸೊಟೊಮೇಯರ್ ನ್ಯಾನ್ಸಿಯಂತೆ ಪತ್ತೇದಾರಿಣಿಯಾಗಬೇಕೆಂದಿದ್ದವರು. ಮಧುಮೇಹವಿದ್ದುದರಿಂದ ಆ ದಾರಿ ಮುಚ್ಚಿತೆಂದೂ ಟೆಲಿವಿಷನ್‌ನ ಪೆರಿ ಮೇಸನ್ ವಕೀಲಿಯತ್ತ ತಿರುಗಿಸಿದನೆಂದೂ 2013ರ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮನೆಯಲ್ಲಿ ಸ್ಪಾನಿಷ್ ಆಡುತ್ತಿದ್ದ ಹುಡುಗಿ ಇಂಗ್ಲಿಷ್ ಪುಸ್ತಕದ ಹುಡುಗಿಯಲ್ಲಿ ತನ್ನನ್ನು ಕಂಡುಕೊಂಡಳೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಎರಡು, ಅಣಕ. 1969ರಲ್ಲಿ ಬಂದ ‘ಸ್ಕೂಬಿ-ಡೂ’ ಕಾರ್ಟೂನಿನಲ್ಲಿ ಪ್ರತಿ ವಾರ ದೆವ್ವದ ಮುಖವಾಡ ಕಳಚಿದರೆ ಒಳಗೆ ಆಸೆಬುರುಕ ಮನುಷ್ಯ; ಹಾಳು ಹುಡುಗರು ಮೂಗು ತೂರಿಸಿದ್ದರಿಂದ ಸಿಕ್ಕಿಬಿದ್ದೆನೆಂದು ಅವನ ಗೊಣಗಾಟ. ಇಂಗ್ಲೆಂಡಿನಲ್ಲಿ ಎನಿಡ್ ಬ್ಲೈಟನ್ 1942ರಿಂದ 1963ರವರೆಗೆ ಬರೆದ 21 ‘ಫೇಮಸ್ ಫೈವ್’ ಪುಸ್ತಕಗಳ ಗತಿ ಇನ್ನೂ ಸ್ವಾರಸ್ಯ. 1982ರ ನವೆಂಬರ್ 2ರಂದು ಚಾನೆಲ್ 4 ಟೆಲಿವಿಷನ್ ಆರಂಭವಾದ ರಾತ್ರಿಯೇ ‘ಫೈವ್ ಗೋ ಮ್ಯಾಡ್ ಇನ್ ಡಾರ್ಸೆಟ್’ ಎಂಬ ಅಣಕ ಪ್ರಸಾರವಾಯಿತು. ಬ್ಲೈಟನ್‌ಳ ಮಕ್ಕಳು ಜಿಂಜರ್ ಬಿಯರನ್ನು ಹೊಳೆಯಂತೆ ಹೀರುವ ಬಗ್ಗೆ ಅಲ್ಲಿಂದ ಹರಡಿದ ಒಂದು ಮಾತು ಇಂದು ಇಂಗ್ಲಿಷರ ನಾಲಿಗೆಯ ಮೇಲಿದೆ. ಬ್ಲೈಟನ್‌ಳ ಪುಸ್ತಕಗಳಲ್ಲಿ ಆ ನುಡಿಗಟ್ಟೇ ಇಲ್ಲ.

ತಾಳಮದ್ದಳೆ ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಿರದು. ಪ್ರಸಂಗದ ಪದ್ಯ ಕವಿಯದು, ಅರ್ಥ ಅರ್ಥಧಾರಿಯದು. ಕೂಟ ಮುಗಿದು ಮನೆಗೆ ನಡೆಯುವಾಗ ನಾವು ಕೃಷ್ಣ ಹೀಗೆಂದ, ಕರ್ಣ ಹಾಗೆಂದ ಎಂದು ಮೆಲುಕು ಹಾಕುವ ಮಾತುಗಳಲ್ಲಿ ಹೆಚ್ಚಿನವು ಪ್ರಸಂಗದ ಪುಸ್ತಕದಲ್ಲಿ ಸಿಗಲಾರವು. ಅಷ್ಟರಿಂದ ಕರ್ಣನಿಗೆ ನಷ್ಟವಾಗಲಿಲ್ಲ. ಅಣಕವೂ ಒಂದು ಬಗೆಯ ಅರ್ಥಗಾರಿಕೆ. ಗೊತ್ತಿಲ್ಲದ ವಸ್ತುವನ್ನು ಯಾರೂ ಅಣಕಿಸಲಾರರು. ಅಣಕಿಸಿದಷ್ಟೂ ಅದು ಗೊತ್ತಾಗುತ್ತಲೇ ಹೋಗುತ್ತದೆ.

ಮೂರನೆಯದು ಹೆಚ್ಚು ಸೂಕ್ಷ್ಮ. 2019ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೂರನೆಯ ಕಂತುಮಾಲೆಯ ಕತೆ 1985ರಲ್ಲಿ ನಡೆಯುತ್ತದೆ. ಪತ್ರಿಕಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ನ್ಯಾನ್ಸಿ ವೀಲರ್ ಎಂಬ ಹುಡುಗಿ ಸುದ್ದಿಯೊಂದರ ಬೆನ್ನು ಹತ್ತಲು ಹೋದಾಗ ಅಲ್ಲಿನ ಗಂಡಸರು ಆಕೆಯನ್ನು ನ್ಯಾನ್ಸಿ ಡ್ರೂ ಎಂದು ಕರೆದು ನಗುತ್ತಾರೆ. ಇಲ್ಲಿ ಹೆಸರೇ ಬೈಗುಳ: ಚಹ ತರುವ ಹುಡುಗಿಗೆ ತನಿಖೆಯ ಉಸಾಬರಿ ಯಾಕೆ ಎಂಬುದು ಅದರ ತಾತ್ಪರ್ಯ. ಆದರೆ ಪುಸ್ತಕ ಬಲ್ಲ ಪ್ರೇಕ್ಷಕನಿಗೆ, ನ್ಯಾನ್ಸಿ ಡ್ರೂ ಹೇಳಿದ್ದು ಪ್ರತಿ ಸಲವೂ ನಿಜವಾಗಿತ್ತೆಂಬುದು ನೆನಪಿರುತ್ತದೆ. ಕೊನೆಗೆ ಈ ಹುಡುಗಿಯ ಸಂಶಯವೂ ನಿಜವಾಗುತ್ತದೆ. ನಕ್ಕವರು ತಮಗೆ ಗೊತ್ತಿಲ್ಲದೆಯೇ ಆಕೆಗೆ ಬಿರುದು ಕೊಟ್ಟಿದ್ದರು. ಒಳ್ಳೆಯ ಉಲ್ಲೇಖದ ಲಕ್ಷಣ ಇದು. ಆಡಿದವನ ಉದ್ದೇಶವನ್ನು ಮೀರಿ ಅದು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಮೆಚ್ಚುಗೆಯ ನಡುವೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಮೊದಲ ಪುಸ್ತಕದ 1930ರ ಪಾಠದಲ್ಲಿ ಜೆಫ್ ಟಕರ್ ಎಂಬ ಕರಿಯ ಕಾವಲುಗಾರನಿದ್ದಾನೆ. ಆತನನ್ನು ಕುಡುಕನನ್ನಾಗಿ, ಕೊಂಕು ಭಾಷೆಯ ಹಾಸ್ಯದ ಗೊಂಬೆಯನ್ನಾಗಿ ಚಿತ್ರಿಸಲಾಗಿದೆ. 1959ರಿಂದ ಹಳೆಯ ಪುಸ್ತಕಗಳನ್ನೆಲ್ಲ ತಿದ್ದುವ ಕೆಲಸ ನಡೆಯಿತು. 25 ಅಧ್ಯಾಯಗಳು 20ಕ್ಕೆ ಇಳಿದವು, ನ್ಯಾನ್ಸಿಯ ವಯಸ್ಸು 16ರಿಂದ 18ಕ್ಕೆ ಏರಿತು, ಆಕೆಯ ನಾಲಿಗೆಯ ಹರಿತ ತಗ್ಗಿತು. ಟಕರ್ ಏನಾದ? ಹೊಸ ಪಾಠದಲ್ಲಿ ಆತ ಕುಡುಕನಲ್ಲ. ಜತೆಗೆ ಕರಿಯನೂ ಅಲ್ಲ. ಅವಮಾನವನ್ನು ಅಳಿಸುವ ಬದಲು ಅವಮಾನಿತನನ್ನೇ ಅಳಿಸಿದರು. ಹಾಗೆ ತಿದ್ದಿದ ಪುಸ್ತಕ ಓದುವ ಕರಿಯ ಮಗುವಿಗೆ ನೋವಾಗುವಂಥದ್ದು ಏನೂ ಸಿಗದಿರಬಹುದು. ತನ್ನವನೆನ್ನಬಹುದಾದ ಒಬ್ಬನೂ ಸಿಗುವುದಿಲ್ಲ. ಸಣ್ಣ ಸಮುದಾಯಗಳು ದೊಡ್ಡವರ ಕತೆಗಳಲ್ಲಿ ಒಂದೋ ನಗೆಪಾಟಲಾಗಿ ಕಾಣಿಸಿಕೊಳ್ಳುವುದು, ಅಲ್ಲದಿದ್ದರೆ ಕಾಣದೆಯೇ ಹೋಗುವುದು ಅಮೆರಿಕದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ನನ್ನ ಮಟ್ಟಿಗೆ ಈ ಮಾಲಿಕೆಯ ನಿಜವಾದ ದೋಷ ಅದರ ಅಗ್ಗದ ರಹಸ್ಯಗಳಲ್ಲಿಲ್ಲ. ನ್ಯಾನ್ಸಿಯ ಊರಿನಲ್ಲಿ ಯಾರಿಗೆ ಜಾಗ ಇದೆ ಎಂಬುದರಲ್ಲಿದೆ.

ಹೀಗಿದ್ದೂ ಓದುಗರು ಹಳೆಯ ಪಾಠವನ್ನು ಬಿಟ್ಟುಕೊಡಲಿಲ್ಲ. 1991ರಿಂದ ಆಪಲ್‌ವುಡ್ ಎಂಬ ಪ್ರಕಾಶಕರು 1930ರ ರೂಪವನ್ನೇ ಮತ್ತೆ ಅಚ್ಚು ಹಾಕಿದರು. 1993ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿಯ ಬಗ್ಗೆ ಸಮ್ಮೇಳನವೇ ನಡೆದು, ಅಲ್ಲಿಯೇ ಓದಿದ ಮಿಲ್ಡ್ರೆಡ್‌ಗೆ 87ನೆಯ ವಯಸ್ಸಿನಲ್ಲಿ ಸಲ್ಲಬೇಕಾದ ಗೌರವ ಸಂದಿತು. 2002ರಲ್ಲಿ ತೀರಿಕೊಳ್ಳುವವರೆಗೂ ಆಕೆ ಪತ್ರಕರ್ತೆಯಾಗಿ ಬರೆಯುತ್ತಿದ್ದಳು. ಮುಖವಾಡ ಕಳಚಿದಾಗ ಒಳಗಿದ್ದದ್ದು ಕಳ್ಳನಲ್ಲ, ಕೂಲಿಗೆ ದುಡಿದ ಒಬ್ಬ ಹೆಣ್ಣುಮಗಳು.

ಈಗ ನಮ್ಮ ಮಾತಿಗೆ ಬರೋಣ. ಮಲಯಾಳ ಬಲ್ಲ ನಮ್ಮ ಮಕ್ಕಳಿಗೆ ದಾಸನ್ ಮತ್ತು ವಿಜಯನ್ ಯಾರೆಂದು ಹೇಳಿಕೊಡಬೇಕಾಗಿಲ್ಲ. 1987ರ ‘ನಾಡೋಡಿಕ್ಕಾಟ್ಟ್’ನಲ್ಲಿ ತಪ್ಪಿ ಸಿಐಡಿಗಳೆನಿಸಿಕೊಂಡ ಆ ಇಬ್ಬರು ಪೆದ್ದರು 1990ರ ‘ಅಕ್ಕರೆ ಅಕ್ಕರೆ ಅಕ್ಕರೆ’ಯಲ್ಲಿ ಅಮೆರಿಕದವರೆಗೂ ಹೋಗಿಬಂದರು, ಚಿತ್ರ ನೋಡದ ಹುಡುಗರೂ ಅವರ ಮಾತು ಆಡುತ್ತಾರೆ. ಕೋಟ್ಟಯಂ ಪುಷ್ಪನಾಥರ ಪತ್ತೇದಾರ ಮಾರ್ಕ್ಸಿನ್ ಕೂಡ ಮಲಯಾಳದ ಹಿರಿಯ ಓದುಗರಿಗೆ ಮನೆಯವನೇ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿದ್ದ. ಹೆಚ್ಚು ಶಾಲೆ ಕಲಿಯದ ನರಸಿಂಹಯ್ಯನವರು ನೂರಾರು ಕಾದಂಬರಿಗಳಿಂದ ಸಾವಿರಾರು ಮನೆಗಳಿಗೆ ಕನ್ನಡ ಓದುವ ಚಟ ಹಿಡಿಸಿದರು. ಮಕ್ಕಳೇ ಪತ್ತೇದಾರರಾದ ‘ಪುಟಾಣಿ ಏಜೆಂಟ್ 123’ ಚಿತ್ರ 1979ರಲ್ಲಿ ಬಂತು. ವಿಮರ್ಶೆ ಇವನ್ನೆಲ್ಲ ಅಂಗಳದಾಚೆ ನಿಲ್ಲಿಸಿತು. ಅಮೆರಿಕದ ಗ್ರಂಥಪಾಲಕರು ಮಾಡಿದ್ದೂ ಅದನ್ನೇ. ವ್ಯತ್ಯಾಸ ಇಷ್ಟೇ: ಅಲ್ಲಿ ಅಕ್ಕ ಓದಿದ್ದನ್ನು ತಂಗಿ ಓದಿದಳು, ತಾಯಿ ಓದಿದ್ದನ್ನು ಮಗಳು ಓದಿದಳು. ಪ್ರತಿ ತಲೆಮಾರಿಗೂ ಹೊಸ ರೂಪ ಕೊಡುವವರಿದ್ದರು: 1938ರಲ್ಲಿ ಸಿನೆಮಾ, 1977ರಲ್ಲಿ ಟೆಲಿವಿಷನ್, 2019ರಲ್ಲಿ ಮತ್ತೆ ಎರಡೂ.

ಉತ್ತರಕುಮಾರ ನಮ್ಮಲ್ಲಿ ಉಳಿದದ್ದಕ್ಕೂ ಇದೇ ಕಾರಣ. ಪ್ರತಿ ವರ್ಷ ಯಾರೋ ಒಬ್ಬರು ಎದ್ದು ಅವನ ಅರ್ಥ ಹೇಳುತ್ತಾರೆ. ಹೆಸರು ತಾನಾಗಿ ಬಾಳುವುದಿಲ್ಲ, ಆಡುವವರಿಂದ ಬಾಳುತ್ತದೆ. ಶ್ರೇಷ್ಠ ಕೃತಿಗಳನ್ನು ಮಕ್ಕಳ ಕೈಗಿಟ್ಟು ಭಾಷೆ ಉಳಿಯಿತೆಂದು ನಾವು ತೃಪ್ತಿಪಡುವುದುಂಟು. ಆದರೆ ಭಾಷೆಯೊಳಗೆ ಕೂತು ನಗಲು ಮಕ್ಕಳಿಗೆ ಶ್ರೇಷ್ಠವಲ್ಲದ್ದೂ ಬೇಕು. ಕಳೆದುಹೋದ ಪೆನ್ನನ್ನು ಮಂಚದ ಕೆಳಗಿನಿಂದ ಹುಡುಕಿ ತೆಗೆದ ಮೊಮ್ಮಗಳನ್ನು ಕಂಡು ಅಜ್ಜ “ಭಲೇ, ಪತ್ತೇದಾರ ಪುರುಷೋತ್ತಮ!” ಎನ್ನುತ್ತಾರೆಂದು ಇಟ್ಟುಕೊಳ್ಳಿ. ಮಗು “ಅದು ಯಾರು ಅಜ್ಜ?” ಎಂದು ಕೇಳಿಯೇ ಕೇಳುತ್ತದೆ. ಆಗ ಅಜ್ಜ ಕನ್ನಡಕ ಹಾಕಿಕೊಂಡು ಕತೆ ಶುರು ಮಾಡುತ್ತಾರೋ, ಅದೆಲ್ಲ ಹಳೆಯದು ಬಿಡು ಎನ್ನುತ್ತಾರೋ ಎಂಬುದರಲ್ಲಿ ಆ ಮನೆಯ ಕನ್ನಡದ ಆಯುಸ್ಸು ಸಾಕಷ್ಟು ತೀರ್ಮಾನವಾಗುತ್ತದೆ.