ದೋಷಿಯಿಲ್ಲದ ಹಾನಿಗೆ ಹೊಣೆ ಯಾರದು?

ರಾಣೆಬೆನ್ನೂರು ಬೀಜೋದ್ಯಮಕ್ಕೆ ಹೆಸರಾದ ಊರು. ಕಳಪೆ ಬೀಜದಿಂದ ಬೆಳೆ ಕೆಟ್ಟರೆ ರೈತನು ಗ್ರಾಹಕ ವೇದಿಕೆಗೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಎತ್ತಿಹಿಡಿಯಿತು. ಕೊಂಡ ಬೀಜವನ್ನೆಲ್ಲ ಬಿತ್ತಿದವನು ಪರೀಕ್ಷೆಗೆಂದು ಮಾದರಿ ತೆಗೆದಿಟ್ಟಿರಬೇಕೆಂಬ ನಿರೀಕ್ಷೆ ಸಲ್ಲದೆಂದೂ ಹೇಳಿತು. ಬೀಜದ ವಿಷಯದಲ್ಲಿ ತೋರಿದ ಈ ವಿವೇಕವು ಲಸಿಕೆಯಿಂದ ನೊಂದವರಿಗೂ ದೊರೆಯಬೇಡವೇ?

ಕೋವಿಡ್ ಲಸಿಕೆಯ ಬಳಿಕ ಹೆಣ್ಣುಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಅದೇ ನ್ಯಾಯಾಲಯದಲ್ಲಿ ಪರಿಹಾರ ಕೋರಿದಾಗ, ಕೇಂದ್ರ ಸರ್ಕಾರವು 2022ರ ನವೆಂಬರಿನಲ್ಲಿ ಅಫಿಡವಿಟ್ ಸಲ್ಲಿಸಿತು. ಲಸಿಕೆ ಪಡೆಯುವುದು ಐಚ್ಛಿಕ, ಸರ್ಕಾರ ಹೊಣೆಯಲ್ಲ, ನಿರ್ಲಕ್ಷ್ಯವಾಗಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು ಎಂಬುದು ಅದರ ಸಾರ.

ಈ ವಾದದ ದೌರ್ಬಲ್ಯವಿರುವುದು ‘ನಿರ್ಲಕ್ಷ್ಯ’ ಎಂಬ ಪದದಲ್ಲಿ. ದೇಹದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆಯಲ್ಲಿ ವೈದ್ಯನೂ ದಾದಿಯೂ ತಪ್ಪು ಮಾಡಿರದೆ ಇರಬಹುದು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಹಳೆಯ ರೇಬೀಸ್ ಲಸಿಕೆಯಿಂದ ಕೆಲವರ ನರಮಂಡಲಕ್ಕೆ ಇಂಥದೇ ಹಾನಿಯಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದನ್ನು ದಾಖಲಿಸಿತ್ತು. ಆದರೂ ಆ ಲಸಿಕೆಯ ಬಳಕೆ ಭಾರತದಲ್ಲಿ ನಿಂತದ್ದು 2004ರ ಕೊನೆಗೆ. ಕೋವಿಶೀಲ್ಡ್ ಪಡೆದವರಲ್ಲಿ ಅತಿ ವಿರಳವಾಗಿ ಕಂಡ ರಕ್ತ ಹೆಪ್ಪುಗಟ್ಟುವ ವ್ಯಾಧಿಗೂ ಸ್ವಂತ ರಕ್ತದ ಪ್ರೋಟೀನಿನ ವಿರುದ್ಧ ಹುಟ್ಟುವ ಪ್ರತಿಕಾಯಗಳೇ ಮೂಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಸೇರಿಸಿದೆ. ಇಲ್ಲಿ ಪ್ರಮಾದವಿಲ್ಲ, ಆದುದರಿಂದ ಅಪರಾಧಿಯೂ ಇಲ್ಲ. ಆದರೆ ನೋವು ಇದೆ. ಇಲ್ಲದ ಅಪರಾಧಿಯನ್ನು ಹುಡುಕಿ ತರಲು ಹೇಳುವುದು ಪರಿಹಾರವನ್ನು ನಿರಾಕರಿಸಿದಂತೆಯೇ.

ಅಮೆರಿಕವು 1988ರಿಂದ ಬೇರೊಂದು ಮಾರ್ಗ ಹಿಡಿದಿದೆ. ಮಕ್ಕಳ ಲಸಿಕೆ, ಫ್ಲೂ ಲಸಿಕೆ ಮೊದಲಾದವುಗಳ ಪ್ರತಿ ಡೋಸಿಗೂ ರೋಗವೊಂದಕ್ಕೆ 75 ಸೆಂಟಿನಂತೆ ತೆರಿಗೆ ವಿಧಿಸಿ ಪರಿಹಾರನಿಧಿ ಕಟ್ಟಲಾಗಿದೆ. ಫ್ಲೂ ಲಸಿಕೆಯ ನಂತರದ ಗಿಲಾನ್-ಬಾರೆ ಕಾಯಿಲೆಯನ್ನು 2017ರಲ್ಲಿ ಅದರ ಪಟ್ಟಿಗೆ ಸೇರಿಸಿದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ವಹಿವಾಟಿನ ಮೇಲೆ ಸಲ್ಲಿಸುವ ಅಲ್ಪ ಶುಲ್ಕವೇ ಸರ್ವರಿಗೂ ಬೇಕಾದ ಪ್ರಾಂಗಣವನ್ನು ನಡೆಸುವಂತೆ ಇದೂ ಒಂದು ಕ್ರಮ. ಅಲ್ಲಿನ ಪರಿಹಾರಗಳಲ್ಲಿ ಸುಮಾರು ಶೇಕಡಾ 60 ರಾಜಿಯಿಂದ ಇತ್ಯರ್ಥವಾದವು. ಲಸಿಕೆಯೇ ಕಾರಣವೆಂದು ಸರ್ಕಾರ ತೀರ್ಮಾನಿಸಿರುವುದಿಲ್ಲ. ಸತ್ಯ ಪೂರ್ಣವಾಗಿ ನಿರ್ಣಯವಾಗದೆ ಉಳಿಯುವುದು ಇದರ ಕೊರತೆ. ಆದರೂ ರೋಗಿ ಬದುಕಿರುವಾಗಲೇ ನೆರವು ಕೈಸೇರುವುದು ಮೇಲು. ರಾಜಿ ಎಂದರೆ ತಪ್ಪೊಪ್ಪಿಗೆಯಲ್ಲವೆಂಬುದನ್ನು ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ.

ಸರ್ಕಾರದ ಲೆಕ್ಕದಂತೆಯೇ ಸುಮಾರು 220 ಕೋಟಿ ಡೋಸುಗಳಲ್ಲಿ ಗಂಭೀರವೆಂದು ವರದಿಯಾದ ಪ್ರಕರಣಗಳು 2,782. ಅವೆಲ್ಲಕ್ಕೂ ಲಸಿಕೆಯೇ ಕಾರಣವೆಂದಲ್ಲ. ಹಾನಿ ಇಷ್ಟು ವಿರಳವೆಂಬ ಮಾತು ಲಸಿಕೆಯನ್ನು ಸಮರ್ಥಿಸುತ್ತದೆ. ಪರಿಹಾರದ ಹೊರೆ ಹಗುರವೆಂಬುದನ್ನೂ ಅದೇ ಸಾಬೀತುಪಡಿಸುತ್ತದೆ.

ಲಸಿಕೆ ಬಿಡುವುದು ವಿವೇಕವಲ್ಲ. ಹಾವೇರಿ ಸೀಮೆಯ ಕುಟುಂಬಗಳು ಲಸಿಕೆಯ ಕಾರ್ಡು, ಬ್ಯಾಚ್ ಸಂಖ್ಯೆ, ಆಸ್ಪತ್ರೆಯ ಬಿಡುಗಡೆ ಪತ್ರಗಳನ್ನು ಜೋಪಾನವಾಗಿಡಲಿ. ಆರೋಗ್ಯ ಶಿಬಿರ ನಡೆಸುವ ಬಸದಿಗಳ ಟ್ರಸ್ಟುಗಳು ನೊಂದವರ ಅರ್ಜಿ ಬರೆದುಕೊಡಲಿ. ಚತುರ್ವಿಧ ದಾನಗಳಲ್ಲಿ ಔಷಧದಾನದೊಡನೆ ಅಭಯದಾನವೂ ಇದೆ. ಒಂದನ್ನು ಕೊಟ್ಟ ಸಮಾಜವು ಇನ್ನೊಂದನ್ನು ಮರೆಯಬಾರದು.